ಇಂಟರ್ನೆಟ್ಟಿಗೂ ಬಂತು ಕಮ್ಯುನಿಟಿ

ಗೆಳೆಯರೇ, ಇದನ್ನು ನಿನ್ನೆ ಸಂಜೆ ನಮ್ಮ ಉಟಗಿಯ ಚಹಾದಂಗಡಿಯಲ್ಲಿ ಮೊದಲು ಹೇಳಿದವನು ನಮ್ಮೂರಿಗೆ ಇಂಟರ್ನೆಟ್ ಕೊಡುವ ಶಿವಾನಂದ. ಮಧ್ಯಾಹ್ನದಿಂದ ಊರಿನ ನೆಟ್ ನಿಂತಿತ್ತು. ಬೆಳಗಾದರೆ ಮಗಳ ಆನ್‌ಲೈನ್ ಸಂದರ್ಶನ ಎಂದು ಬೀರಪ್ಪ ಕಾಕಾ ಅವನನ್ನು ಹಿಡಿದು ಕೂರಿಸಿದ್ದರು.

“ನಮ್ಮೂರಿಗೆ ನೆಟ್ ಬರೋ ದಾರಿ ಇದು ಅಂತ ನಮಗ ನೆಟ್ ಕೊಡೋ ಮ್ಯಾಲಿನ ಕಂಪನಿಗೆ ತಿಳಸ್ತೀವ್ರಿ ಕಾಕಾ. ಅದರ ಜೋಡಿ ಒಂದು ಗುರುತಿನ ನಂಬರ್ ಹಚ್ಚತೀವಿ. ಅದಕ್ಕ ಬಿಜಿಪಿ ಕಮ್ಯುನಿಟಿ ಅಂತಾರ. ಅದನ್ನ ನೋಡಿ ಅವರು ನಮ್ಮ ದಾರಿನ ಎಲ್ಲಾರಿಗೂ ತಿಳಸ್ತಾರ, ಇಲ್ಲಾ ಅಲ್ಲೇ ತಡೀತಾರ. ನಾ ತಪ್ಪು ಕಮ್ಯುನಿಟಿ ಹಚ್ಚೀನಿ, ತಡದಾರ.”

ಕಾಕಾ ಅವರ ಕಿವಿಗೆ ಬಿದ್ದದ್ದು ಒಂದೇ ಶಬ್ದ. “ಕಮ್ಯುನಿಟಿ ನೋಡಿ ದಾರಿ ಬಿಡ್ತಾರಂತ! ನಮ್ಮದು ಯಾವುದಂತ ಬರದೆಪಾ? ಬರಿಯೂಮುಂದ ಒಂದು ಮಾತು ಕೇಳಬಾರದಾ?”

“ಅದಕ್ಕ ಮಗ್ಗಲ ಊರು ಬೆಳುಂಕಿಯವರ ನೆಟ್ ನಡದದ, ನಮ್ಮದಷ್ಟ ನಿಂತದ” ಎಂದ ಚಹಾದಂಗಡಿಯವನು.

“ಇದು ಆ ಕಮ್ಯುನಿಟಿ ಅಲ್ರೀ! ಮುಂಜಾನಿ ಸರಿ ಮಾಡ್ತೀನಿ” ಎಂದ ಶಿವಾನಂದ. ಯಾರೂ ನಂಬಲಿಲ್ಲ.

ಇಂದು ಬೆಳಿಗ್ಗೆ ಅವನು ನಂಬರ್ ಬದಲಿಸಿ ಕಂಪ್ಯೂಟರ್ ನೋಡುತ್ತ ಕೂತಿದ್ದಾಗ ಕಾಕಾ ಬಂದು, ಉಪವಿಭಾಗದ ಪ್ರಾಂತಾಧಿಕಾರಿ ಕೊಟ್ಟ ಮಗಳ ಜಾತಿ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು. “ಪ್ರಾಂತ ಸಾಹೇಬರ ಸಹಿ, ಆಫೀಸಿನ ಸಿಕ್ಕಾ ಎರಡೂ ಅದಾವ. ನೋಡ್ಕೊಂಡು ಬರೋಬ್ಬರಿ ಹಚ್ಚು.” ಅದೇ ಗಳಿಗೆಗೆ ನೆಟ್ ಬಂತು.

ಸಂದರ್ಶನ ಚೆನ್ನಾಗಿ ಆಯಿತು. ಈಗ ಶಿವಾನಂದನ ಬಾಗಿಲಲ್ಲಿ ಪ್ರಮಾಣಪತ್ರ ಹಿಡಿದವರ ಸಾಲು ನಿಂತಿದೆ. ನೆಟ್ ಅವರಿಗೂ ಬಂದಿದೆ, ಆದರೆ ಕಾಕಾ ಅವರ ಮನೆಯಷ್ಟು ಜೋರಾಗಿಲ್ಲವಂತೆ.