ಹಗಲಿಗೆ ಹಾಕಿದ ಸಂಜೆ ಶಾಲೆ

ಪುಣೆಯಲ್ಲಿ ನಾನು ನೋಡಿದ್ದು ಶಾಲೆಯ ಉತ್ಸವವಲ್ಲ. ಹಾರ ಹಾಕಿ, ಸಮೋಸ ಹಂಚಿ, ಶಾಲೆಗೆ ಬೀಗ ಜಡಿದ ಕಾರ್ಯಕ್ರಮ.

ಬಾರಾಮತಿಯಿಂದ ಬೆಳಗಿನ ಎಸ್‌ಟಿ ಬಸ್ಸಿಗೆ ಹೊರಟೆ. ಹೆಂಗಸರಿಗೆ ಅರ್ಧ ಟಿಕೀಟು, ಹಾಗಾಗಿ ಬಸ್ಸಿನ ತುಂಬ ನಾವೇ. ಜೇಜುರಿಯಲ್ಲಿ ಹತ್ತಿದವರ ಮೈಮೇಲಿನ ಭಂಡಾರದ ಅರಿಶಿನ ನನ್ನ ಸೀರೆಗೂ ಹತ್ತಿತು. ದಿವೇ ಘಾಟಿನಲ್ಲಿ ಮಳೆ. ಕಿಟಕಿಯ ಗಾಜು ಮುಚ್ಚಲಿಲ್ಲ. ಸ್ವಾರಗೇಟಿನಲ್ಲಿ ರಿಕ್ಷಾದವರು ಬರಲೊಲ್ಲೆವು ಎಂದರು. ಬಿಬವೇವಾಡಿಗೆ ಸಿಟಿ ಬಸ್ಸಿನಲ್ಲಿ ನಿಂತೇ ಹೋದೆ.

ತಂಗಿಯ ಮಗಳು ಕಸ್ತೂರಿ ಸ್ಟಾಪಿನಲ್ಲಿ ಕಾದಿದ್ದಳು. ಹಗಲೆಲ್ಲ ಮಂದಿಯ ಮನೆಗಳಲ್ಲಿ ಅಡಿಗೆ ಮಾಡುತ್ತಾಳೆ, ಸಂಜೆ ಸರಕಾರಿ ಶಾಲೆಯಲ್ಲಿ ಹೊಲಿಗೆ ಕಲಿಯುತ್ತಾಳೆ. ಪರೀಕ್ಷೆ ಪಾಸಾದರೆ ಗಾರ್ಮೆಂಟಿನಲ್ಲಿ ಕೆಲಸ ಸಿಗುವುದಿತ್ತು. ಮೂರನೇ ಇಯತ್ತೆಗೇ ಸಾಲೆ ಬಿಟ್ಟ ನಾನೂ ಪುಣೆಯಲ್ಲಿದ್ದಾಗ ಹೊಲಿಗೆ ಕಲಿತದ್ದು ಅಲ್ಲಿಯೇ.

ಶಾಲೆಯ ಗೋಡೆಯ ಮೇಲೆ ದೊಡ್ಡ ಮರಾಠಿ ಫಲಕ. ಕಸ್ತೂರಿ ಓದಿ ಹೇಳಿದಳು: “ಬಡ ಹೆಂಗಸರ ಕಣ್ಣೀರು ನೋಡಲಾರದೆ ಸಾಹೇಬರು ಸಾಲಿ ತೆರೆದರು ಅಂತ ಬರದಾರ, ದೊಡ್ಡವ್ವ.”

“ಯಾರವ್ವ ಅತ್ತವರು?” ಎಂದೆ.

ಅಳಲಿಲ್ಲ, ಜಗಳಾಡಿದೆವು. ಎಷ್ಟೋ ವರ್ಷಗಳ ಹಿಂದೆ ಸರಕಾರದವರು ಹಗಲು ಶಾಲೆ ಕೊಡುತ್ತೇವೆ ಎಂದಿದ್ದರು. ಹಗಲು ನಾವು ಮಂದಿಯ ಮುಸುರೆ ತಿಕ್ಕುವವರು. ಕೈ ಮಷೀನು ತಲೆಯ ಮೇಲೆ ಹೊತ್ತು ತಂದು ಸಾಹೇಬರ ಕಚೇರಿಯ ಮೆಟ್ಟಿಲ ಮೇಲೆ ಹೊಲಿಯುತ್ತ ಕುಳಿತೆವು. ಮೆಟ್ಟಿಲ ಉದ್ದಕ್ಕೂ ಹರವಿದ ನಮ್ಮ ಬಟ್ಟೆ ದಾಟದೆ ಸಾಹೇಬರು ಮನೆಗೆ ಹೋಗುವಂತಿರಲಿಲ್ಲ. ಹಾಗೆ ಬಂತು ಸಂಜೆ ಶಾಲೆ. ತರಗತಿಯಲ್ಲಿ ಬಾಗಿಲ ಬಳಿಯ ಮಷೀನಿಗೆ ಯಾರೂ ಕೂರುತ್ತಿರಲಿಲ್ಲ. ಅದು ಕೆಲಸ ಮುಗಿಸಿ ತಡವಾಗಿ ಬರುವವಳಿಗೆ. ಈ ಸಲ ಅದರ ಮೇಲೆ ಸಮೋಸದ ತಾಟು ಇಟ್ಟಿದ್ದರು.

ಭಾಷಣದ ಕೊನೆಗೆ ಈಗಿನ ಸಾಹೇಬರು ಹೇಳಿದರು: ಮುಂದಿನ ತಿಂಗಳಿಂದ ತರಗತಿ ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ಹಾಲ್ ಬಾಡಿಗೆಗೆ. ಚಪ್ಪಾಳೆ ಬಿತ್ತು. ಕಸ್ತೂರಿ ಕೈ ಮಡಿಲಲ್ಲಿಟ್ಟು ಕುಳಿತಿದ್ದಳು.

ನಾನು ಎದ್ದು ಹೋಗಿ ಮರಾಠಿಯಲ್ಲೇ ಕೇಳಿದೆ. “ಹನ್ನೊಂದಕ್ಕೆ ಇವರು ಇಲ್ಲಿಗೆ ಬಂದರೆ ನಿಮ್ಮ ಮನೆಯ ಚಪಾತಿ ಯಾರು ಲಟ್ಟಿಸುತ್ತಾರೆ?”

“ಆಜಿ, ಹೆಣ್ಣುಮಕ್ಕಳು ಕತ್ತಲಾಗುವುದರೊಳಗೆ ಮನೆ ಸೇರಲಿ ಎಂದೇ ಮಾಡಿದ್ದು,” ಎಂದು ನಕ್ಕರು. “ನಾಷ್ಟಾ ಆಯಿತೇ?”

“ನಿಮ್ಮ ಪಾತ್ರೆ ತೊಳೆದು ಕತ್ತಲಲ್ಲೇ ಹೋಗುತ್ತಾರಲ್ಲ, ಆಗ ಹೆದರಿಕೆ ಇಲ್ಲವೇ?”

ಅವರು ಫೋನು ಕಿವಿಗಿಟ್ಟುಕೊಂಡರು.

ಕಸ್ತೂರಿ ಸೆರಗು ಹಿಡಿದು ಎಳೆದಳು. “ಸುಮ್ಮನಿರ್ರಿ ದೊಡ್ಡವ್ವ, ಪರೀಕ್ಷಾಕ್ಕ ಕೂಡಸೂದಿಲ್ಲ ನನ್ನ!”

“ಹನ್ನೊಂದಕ್ಕ ಬರಾಕ ಆಗತದೇನು ನಿನಗ?”

“ಇಲ್ರಿ.”

“ಮತ್ತ ಯಾವ ಪರೀಕ್ಷಾ ಹಿಡಕೊಂಡು ಅಂಜತಿ?”

ಮರುದಿನ ಬೆಳಿಗ್ಗೆ ಬಾರಾಮತಿಯ ಬಸ್ಸು ಹತ್ತದೆ ಬಿಟ್ಟೆ. ಕೆಲಸಕ್ಕೆ ಹೊರಟ ಕಸ್ತೂರಿ ತನ್ನ ಕೈ ಮಷೀನು ಹೊತ್ತು ಬಂದು ಕಚೇರಿಯ ಮೆಟ್ಟಿಲ ಮೇಲೆ ಇಳಿಸಿದಳು. ಅವಳು ಅರ್ಧ ಹೊಲಿದಿದ್ದ ಪರಕಾರದ ಲಂಗವನ್ನು ಮೆಟ್ಟಿಲ ಈ ಕಡೆಯಿಂದ ಆ ಕಡೆಯವರೆಗೆ ಹರವಿ, ಸೂಜಿಗೆ ದಾರ ಪೋಣಿಸಿ ಹಿಡಿಕೆ ತಿರುಗಿಸತೊಡಗಿದೆ.