ದಂಡೆಯ ಮೇಲಿನವರ ಉಸಿರು

ನನಗೆ ಈಜು ಬರುವುದಿಲ್ಲ. ಈ ಮಾತನ್ನು ಬೇರೆ ಕಡೆಯವರು ಹೇಳಿದರೆ ಕ್ಷಮಿಸಬಹುದು. ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ ಹರಿಯುವ ಸೀಮೆಯಲ್ಲಿ ಬಾಳೆಲ್ಲ ಮಾಸ್ತರಿಕೆ ಮಾಡಿದವನು ಹೇಳಿದರೆ ಜನ ಮೇಲಿಂದ ಕೆಳಗೆ ನೋಡುತ್ತಾರೆ. ನಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದಲ್ಲ. ಸಿಂದಗಿಯಲ್ಲಿದ್ದಾಗ ಕನ್ನೊಳ್ಳಿಯ ಒಂದು ಬಾವಿಗೆ ಒಣಗಿದ ಕುಂಬಳದ ಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದೆ. ಗಂಟು ಸಡಿಲವಾಗಿ ಬುರುಡೆ ಮೊಣಕಾಲಿಗೆ ಜಾರಿತು. ಕಾಲು ತೇಲಿತು, ತಲೆ ಮುಳುಗಿತು. ಎಳೆದು ಹಾಕಿದವರು ನನ್ನನ್ನು ಮೊದಲು ಗುರುತಿಸಿದ್ದು ಅಂಗಾಲಿನಿಂದ. ಮುಂದೆ ಮುದ್ದೇಬಿಹಾಳಕ್ಕೆ ವರ್ಗವಾದಾಗ ಆಲಮಟ್ಟಿಯ ಹಿನ್ನೀರಿಗೆ ದಂಡೆಯಿಂದಲೇ ಕೈ ಮುಗಿದೆ. ಬಸವನ ಬಾಗೇವಾಡಿಗೆ ಬರುವ ಹೊತ್ತಿಗೆ ಬಕೆಟ್ಟಿನ ಸ್ನಾನದಲ್ಲೇ ಪರಮ ತೃಪ್ತನಾಗಿದ್ದೆ.

ಈಗ ಇಂಡಿಯಲ್ಲಿ ನೆಲೆಸಿದ್ದೇನೆ. ದೈವದ ಚೇಷ್ಟೆ ನೋಡಿ, ನೆರೆಯವರಾಗಿ ಸಿಕ್ಕವರು ಖಾಜಾಸಾಬರು. ನಿಂಬೆತೋಟದ ಯಜಮಾನರು, ಸುತ್ತಲಿನ ಹಳ್ಳಿಗಳ ಅರ್ಧ ಜನಕ್ಕೆ ತಮ್ಮ ಬಾವಿಯಲ್ಲಿ ಈಜು ಕಲಿಸಿದವರು. ಅವರ ಪಾಠದಲ್ಲಿ ಮೊದಲನೆಯ ಮಾತು, "ತಲಿ ನೀರಿನ ಮ್ಯಾಲಿದ್ರ ಜೀವ ಮೈಯಾಗಿದ್ದಂಗ." ಎರಡನೆಯದು ಕಲಿಸುವವನಿಗೆ. ಕಲಿಯುವವನು ಮುಳುಗಿದ ಕ್ಷಣದಿಂದ ದಂಡೆಯ ಮೇಲೆ ನಿಂತವನೂ ಉಸಿರು ಬಿಗಿಹಿಡಿಯಬೇಕು. ತನ್ನ ಉಸಿರು ಮುಗಿದರೆ ಒಳಗಿರುವವನದೂ ಮುಗಿಯಿತೆಂದೇ ಲೆಕ್ಕ. ತಕ್ಷಣ ಹಗ್ಗ ಒಗೆಯಬೇಕು. ಗಡಿಯಾರ ನಿಂತೀತು, ಈ ಲೆಕ್ಕ ಎಂದೂ ತಪ್ಪಿಲ್ಲವೆಂದು ಅವರಿಗೆ ಅಭಿಮಾನ. ಅವರ ಬಾವಿ ಒಂದು ಜೀವವನ್ನೂ ನುಂಗಿಲ್ಲವಾದ್ದರಿಂದ ನಾನೂ ತಕರಾರು ಮಾಡಿಲ್ಲ.

ಇಂಥವರ ಮಗಳು ಆಫ್ರೀನ್. ವ್ಯಾಯಾಮ ಶಿಕ್ಷಣ ಓದುವ ಹುಡುಗಿ. ರಜೆಗೆ ಬರುವಾಗ ಕಾಲೇಜಿನಿಂದ ಒಂದು ಅಗಲವಾದ ಚೀಲ ತಂದಳು. ಒಳಗಿದ್ದದ್ದು ಮೀನಿನ ಬಾಲ! ಎರಡೂ ಪಾದಗಳನ್ನು ಒಂದೇ ರಬ್ಬರಿನ ಬೂಟಿಗೆ ತುರುಕಿ, ಬೆನ್ನಿಗಿಂತ ಅಗಲವಾದ ಆ ರೆಕ್ಕೆಯನ್ನು ಬಡಿಯುತ್ತ ಈಜುವ ಆಟವಂತೆ. ಫಿನ್ ಸ್ವಿಮ್ಮಿಂಗ್ ಎನ್ನುತ್ತಾರೆ. ಮೋಜಿಗೆ ಈಜುವವರು ಎರಡು ಕಾಲಿಗೆ ಎರಡು ಸಣ್ಣ ರೆಕ್ಕೆ ಕಟ್ಟಿಕೊಳ್ಳುವುದೂ ಉಂಟು. ಆಫ್ರೀನ್ ಆರಿಸಿಕೊಂಡದ್ದು ಎಲ್ಲಕ್ಕಿಂತ ಕಠಿಣವಾದ ಪಂದ್ಯ. ಒಂದೇ ಉಸಿರಿನಲ್ಲಿ, ಪೂರ್ತಿ ನೀರಿನ ಒಳಗೇ ಐವತ್ತು ಮೀಟರು. ಜೀವಿಗಳು ನೀರಿನಿಂದ ದಡ ಹತ್ತಿ ಕೈಕಾಲು ಗಳಿಸಲು ಕೋಟ್ಯಂತರ ವರ್ಷ ಒದ್ದಾಡಿದವೆಂದು ನಾನೇ ತರಗತಿಯಲ್ಲಿ ಪಾಠ ಹೇಳಿದ್ದೆ. ಅಷ್ಟು ಕಷ್ಟದ ಕಾಲನ್ನು ಮತ್ತೆ ರಬ್ಬರಿನಲ್ಲಿ ತುರುಕಿ ಮೀನಾಗಬೇಕೆಂಬ ಆಸೆ ಮನುಷ್ಯನಿಗೆ ಎಲ್ಲಿಂದ ಬಂತೋ.

"ಎರಡೂ ಕಾಲ ಕಟ್ಟಿಕೊಂಡು ನೀರಾಗ ಬೀಳೂದಕ್ಕ ಈಸು ಅಂತಾರೇನವಾ? ನಮ್ಮ ಕಡೆ ಅದಕ್ಕ ಬ್ಯಾರೆ ಹೆಸರೈತಿ," ಎಂದರು ಖಾಜಾಸಾಬರು.

"ಅಬ್ಬಾ, ಮಾರಿ ಒಂದ ಸಲ ನೀರಿನ ಮ್ಯಾಲ ಬಂದ್ರ ಆಟದಿಂದ ಹೊರಗ ಹಾಕ್ತಾರ."

"ಬರಲಿಲ್ಲಂದ್ರ ನಾವು ಮಂದಿ ಕೂಡಿಸ್ತೇವಿ."

ಅವಳ ಸಂಕಟ ಇಷ್ಟೇ: ರಾಜ್ಯ ತಂಡದ ಆಯ್ಕೆ ಮುಂದಿನ ವಾರ ದೂರದ ಊರಿನಲ್ಲಿ. ಅಪ್ಪ ಹೂಂ ಎನ್ನದೆ ಹೋಗುವ ಮಗಳಲ್ಲ ಅವಳು. ಎರಡು ದಿನ ಮನೆಯಲ್ಲಿ ಮಾತಿಲ್ಲದ ಊಟವಾಯಿತು. ಮೂರನೆಯ ದಿನ ಖಾಜಾಸಾಬರು ಕರಾರು ಹಾಕಿದರು: "ತ್ವಾಟದ ಹೊಂಡದಾಗ ಒಂದ ಸಲ ದಾಟಿ ತೋರಿಸು. ನಾ ಹಗ್ಗ ಒಗೀಲಿಲ್ಲಂದ್ರ ಹೋಗು. ಒಗದ್ನಿ, ಮುಗೀತು." ಸಾಕ್ಷಿಗೆ ನನ್ನನ್ನು ಕರೆದರು. ನೀರಿನ ವಿಷಯದಲ್ಲಿ ನನಗಿಂತ ನಿಷ್ಪಕ್ಷಪಾತಿ ಊರಲ್ಲಿ ಸಿಗಲಾರ.

ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಹೊಂಡ, ತಿಳಿನೀರು. ಬಾಲ ತೊಟ್ಟ ಮೇಲೆ ಅವಳಿಗೆ ಒಂದು ಹೆಜ್ಜೆ ಇಡಲಾಗಲಿಲ್ಲ. ಕೂತಲ್ಲಿಂದಲೇ ತೆವಳುತ್ತ ಅಂಚಿಗೆ ಬಂದಳು. ನನಗೆ ನಗು ಬಂತು. ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ಕೂಡಿಸಿ ಒಳಗೆ ಜಾರಿದಳು. ನಗು ಅಲ್ಲೇ ನಿಂತಿತು.

ಹೇಗೆ ಹೇಳಲಿ? ಬಡಿತವಿಲ್ಲ, ಸಪ್ಪಳವಿಲ್ಲ. ಎದೆಯಲ್ಲಿ ಹುಟ್ಟಿದ ಒಂದು ಅಲೆ ಸೊಂಟಕ್ಕೆ, ಮೊಣಕಾಲಿಗೆ ಇಳಿದು ಬಾಲದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಮತ್ತೊಂದು ಹುಟ್ಟುತ್ತಿತ್ತು. ಮೇಲೆ ನೀರು ಅಲುಗಾಡಲೇ ಇಲ್ಲ. ಚಿಕ್ಕಂದಿನಿಂದ ನಾನು ಕಂಡ ಈಜೆಲ್ಲ ನೀರಿನ ಜೊತೆ ಜಗಳ. ಇವಳು ನೀರಿಗೆ ಬೇಕಾದವಳಂತೆ ಹೋಗುತ್ತಿದ್ದಳು. ನನ್ನ ಕಣ್ಣು ಒದ್ದೆಯಾಯಿತು. ಮನುಷ್ಯರ ಮೈಗೆ ಇಷ್ಟು ಚೆಲುವು ಸಾಧ್ಯವೆಂದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ.

ಪಕ್ಕಕ್ಕೆ ತಿರುಗಿದೆ. ಖಾಜಾಸಾಬರ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಅವರು ತಮ್ಮ ಪದ್ಧತಿಯಂತೆ ಉಸಿರು ಬಿಗಿಹಿಡಿದಿದ್ದರು. ವಯಸ್ಸು ಅರವತ್ತೈದು ದಾಟಿದೆ, ಬೀಡಿಯ ಸಹವಾಸ ಬೇರೆ. ಅವಳು ಹೊಂಡದ ಅರ್ಧ ದಾಟುವುದಕ್ಕೂ ಇವರ ಉಸಿರು ಮುಗಿಯುವುದಕ್ಕೂ ಸರಿಹೋಯಿತು. "ಯಾ ಅಲ್ಲಾ!" ಎಂದವರು ಹಗ್ಗ ಒಗೆಯಲಿಲ್ಲ. ಹಗ್ಗದ ಸಮೇತ, ಲುಂಗಿಯ ಸಮೇತ ತಾವೇ ಹಾರಿದರು. ಹಗ್ಗದ ಎರಡೂ ತುದಿ ನೀರಿನಲ್ಲಿ. ದಂಡೆಯ ಮೇಲೆ ಉಳಿದವನು ಈಜು ಬಾರದ ನಾನೊಬ್ಬನೇ.

ಆಚೆ ದಂಡೆಯಲ್ಲಿ ತಲೆ ಎತ್ತಿದ ಆಫ್ರೀನ್ ತಿರುಗಿ ನೋಡಿದರೆ ನಡುನೀರಿನಲ್ಲಿ ಅಪ್ಪನ ಬಿಳಿ ಟೋಪಿ ತೇಲುತ್ತಿತ್ತು. ಅವಳು ಬಾಲ ಬಡಿದು ಬಂದು, ಲುಂಗಿಯೂ ಹಗ್ಗವೂ ಕಾಲಿಗೆ ಸುತ್ತಿಕೊಂಡು ಏದುಸಿರು ಬಿಡುತ್ತಿದ್ದ ಅವರ ರಟ್ಟೆ ಹಿಡಿದು ದಡಕ್ಕೆ ತಂದಳು. ಅಳು ತಡೆದುಕೊಂಡು, "ಹಗ್ಗ ನೀರಿಗೆ ಬಂತಲ್ರಿ ಅಬ್ಬಾ, ಕರಾರು ಮುಗೀತು," ಎಂದಳು.

ಖಾಜಾಸಾಬರು ಗಡ್ಡ ಹಿಂಡಿಕೊಂಡರು. ಆಮೇಲೆ ನನ್ನ ಕಡೆ ನೋಡಿ ಅಂದರು:

"ಮುಗದದ್ದು ನನ್ನ ಉಸಿರು ಅಷ್ಟ ರೀ, ಮಾಸ್ತರ್ರ. ಆಕಿದು ಇನ್ನೂ ಇತ್ತು." ಮಗಳ ಕಡೆ ತಿರುಗಿದರು. "ಹೋಗವಾ ನೀ. ಆದರ ಇನ್ನೊಂದ ಸಲ ದಾಟು. ನೀ ಒಳಗಿದ್ದಾಗ ನಾ ಹೊರಗ ಉಸಿರಾಡೂದು ಕಲೀಬೇಕು."

ದಣಿವಾರಿದ ಮೇಲೆ ಅವಳು ಮತ್ತೆ ಇಳಿದಳು. ಅವರು ಒದ್ದೆ ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡು, ಡಾಕ್ಟರ ಮುಂದೆ ಕೂತವರಂತೆ ಬಾಯಿ ತೆರೆದು, ಒಂದೊಂದೇ ಉಸಿರನ್ನು ಕಷ್ಟಪಟ್ಟು ಎಳೆದು ಬಿಟ್ಟರು. ಹನ್ನೊಂದನೆಯ ಉಸಿರಿಗೆ ಅವಳ ತಲೆ ಆಚೆ ದಂಡೆಯಲ್ಲಿ ಕಂಡಿತು.