ಕೊನೆಗೆ ಬಂದವರ ಹಾಲು

ಅಜ್ಜಂಪುರದ ಹತ್ತಿರದ ನಮ್ಮೂರ ಡೇರಿಯಲ್ಲಿ ಹಾಲು ಹಾಕಲು ಎರಡು ಸಾಲು, ಸಾಲಿಗೊಂದು ಪರೀಕ್ಷೆಯ ಯಂತ್ರ. ಎರಡರ ಅಂಕಿಗಳೂ ಒಂದೇ ಪುಟ್ಟ ಕಂಪ್ಯೂಟರಿಗೆ ಹೋಗುತ್ತವೆ. ಅಂಕಿಗಳನ್ನು ಅದರೊಳಕ್ಕೆ ಮುಟ್ಟಿಸುವ ಕರ್ನಲ್ ಮಾಡ್ಯೂಲನ್ನು ನೋಡಿಕೊಳ್ಳುವುದು ತರೀಕೆರೆಯ ನಮ್ಮ ಕಂಪ್ಯೂಟರ್ ಅಂಗಡಿ. ಕರ್ನಲ್ ಎಂದರೆ ಕಂಪ್ಯೂಟರಿನ ಎಲ್ಲ ಕೆಲಸಗಳಿಗೂ ಸರದಿ ಕೊಡುವ ಮೂಲ ತಂತ್ರಾಂಶ; ಮಾಡ್ಯೂಲ್ ಅದಕ್ಕೆ ಜೋಡಿಸುವ ತುಣುಕು. ಪರದೆ ತಡವರಿಸುತ್ತದೆಂದು ಆ ವಾರ ಹೊಸ ಕರ್ನಲ್ ಹಾಕಿದ್ದೆವು.

ಅದಾದ ಮೇಲೆ ಅತ್ತಿಗೆಯ ಹಾಲಿಗೆ ನೀರು ಬೆರೆತಿದೆಯೆಂದು ಚೀಟಿ ಬಂತು. ಮರುದಿನ ಬೆಳಗ್ಗೆ ನಾನೇ ಜೊತೆಗೆ ಹೋದೆ. ಹಾಲು ಕರೆದದ್ದನ್ನು ನೋಡಿದ್ದೆ, ದಾರಿಯುದ್ದಕ್ಕೂ ಕ್ಯಾನು ಹಿಡಿದಿದ್ದೆ. ಮತ್ತೆ ಅದೇ ಚೀಟಿ.

“ಯಂತ್ರಕ್ಕೇನು ನಿಮ್ ಮೇಲೆ ಹಗೆನಾ, ಅಕ್ಕಾ?” ಎಂದರು ಕಾರ್ಯದರ್ಶಿ, ಎಲ್ಲರಿಗೂ ಕೇಳುವಂತೆ. ಇನ್ನೊಮ್ಮೆ ಹೀಗಾದರೆ ಹಾಲು ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದರು.

“ಸಾಯಂಕಾಲಾನೂ ತತ್ತೀನಿ. ಇದೇ ಹಸು, ಇದೇ ಕ್ಯಾನು,” ಎಂದರು ಅತ್ತಿಗೆ.

ನಾನು ಅಲ್ಲೇ ನಿಂತು ಕಂಡದ್ದನ್ನೆಲ್ಲ ನೆನೆದೆ. ಅತ್ತಿಗೆ ಬರುವುದು ಯಾವಾಗಲೂ ಕೊನೆಗೆ. ಅಷ್ಟರಲ್ಲಿ ಪಕ್ಕದ ಸಾಲು ಮುಗಿದು, ಅಲ್ಲಿನ ಯಂತ್ರಕ್ಕೆ ತೊಳೆಯುವ ನೀರು ಬಿಟ್ಟಿರುತ್ತಾರೆ. ಆ ನೀರಿಗೂ ಅಂಕಿ ಬರುತ್ತದೆ. ಹಾಲು ಹಾಕಿದವರ ಹೆಸರಿಲ್ಲವೆಂದು ಕಂಪ್ಯೂಟರ್ ಅದನ್ನು ಬಿಟ್ಟುಬಿಡಬೇಕು. ಬಿಡದೆ ಅತ್ತಿಗೆಯ ಹೆಸರಿಗೆ ಹಾಕುತ್ತಿದ್ದರೆ?

ಡೇರಿ ಖಾಲಿಯಾದ ಮೇಲೆ ನಮ್ಮ ಮಾಡ್ಯೂಲಿನ ಕೋಡ್ ತೆರೆದೆ. ಅಂಕಿ ಮೊದಲು ಒಂದು ಜಾಗದಲ್ಲಿ ಇಳಿದು, ಅಲ್ಲಿಂದ ಮುಂದಕ್ಕೆ ಹೋಗುತ್ತಿತ್ತು. ಎರಡು ಸಾಲಿಗೂ ಅದೊಂದೇ ಜಾಗ. ಹಳೆಯ ಕರ್ನಲ್ ಆ ಎರಡು ಹೆಜ್ಜೆಗಳ ನಡುವೆ ಕೈಹಾಕುತ್ತಿರಲಿಲ್ಲ. ಹೊಸದು ನಡುವೆಯೇ ಒಂದು ಕೆಲಸವನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬಲ್ಲದು. ಹಾಲಿನ ಅಂಕಿ ಇದ್ದಲ್ಲಿ ನೀರಿನ ಅಂಕಿ ಬಂದು ಕೂತರೆ, ಮುಂದಕ್ಕೆ ಹೋಗುವುದು ನೀರೇ.

ಆ ಎರಡು ಹೆಜ್ಜೆಗಳ ನಡುವೆ ಬೇಕೆಂದೇ ಸ್ವಲ್ಪ ತಡ ಸೇರಿಸಿದೆ. ಒಂದು ಯಂತ್ರಕ್ಕೆ ಹಾಲು, ಇನ್ನೊಂದಕ್ಕೆ ನೀರು. ಹಾಲಿಗೆ ನೀರೆಂದು ಚೀಟಿ ಬಂತು! ಕುಣಿಯುವುದೊಂದು ಬಾಕಿ.

ಮೊದಲು, ಯಂತ್ರವನ್ನು ಅಂಕಿ ಕೇಳುವುದರಿಂದ ಹಿಡಿದು ಅದು ಮುಂದಕ್ಕೆ ಹೋಗುವ ತನಕ ಬೇರೆ ಯಾವ ಕೆಲಸವೂ ನುಗ್ಗದಂತೆ ತಡೆದೆ. ಆದರೆ ಯಂತ್ರದ ಉತ್ತರಕ್ಕೆ ಕಾಯುವುದೂ ಅದರೊಳಗೇ ಇತ್ತು. ಹಾಗೆ ತಡೆದಿಟ್ಟು ಕಾಯುವಂತಿಲ್ಲವೆಂದು ಕರ್ನಲ್ ಕೂಡಲೇ ದೂರಿತು. ಕೊನೆಗೆ ಆ ಜಾಗಕ್ಕೊಂದು ಲಾಕ್ ಹಾಕಿದೆ: ಒಂದು ಸಾಲಿನ ಕೆಲಸ ಮುಗಿದು ಜಾಗ ಬಿಡುವ ತನಕ ಇನ್ನೊಂದು ಸಾಲಿನದು ನಿದ್ದೆ ಹೋದಂತೆ ಕಾಯಬೇಕು. ಸೇರಿಸಿದ ತಡವನ್ನು ಹಾಗೇ ಉಳಿಸಿ ಮತ್ತೆ ಮತ್ತೆ ನೋಡಿದೆ. ಹಾಲು ಹಾಲಾಗಿಯೇ ಬಂತು. ಆಮೇಲೆ ತಡ ತೆಗೆದೆ.

ಸಾಯಂಕಾಲ ಕಾರ್ಯದರ್ಶಿಗೆ ನಡೆದದ್ದನ್ನೆಲ್ಲ ವಿವರಿಸಿದೆ. ಅತ್ತಿಗೆ ಕೊನೆಗೇ ಬಂದರು. ಪಕ್ಕದ ಯಂತ್ರಕ್ಕೆ ನೀರು ಬಿಡಿಸಿದೆ. ಚೀಟಿಯಲ್ಲಿ ನೀರಿನ ಸುಳಿವೇ ಇರಲಿಲ್ಲ.

ಹಿಂದಿನ ಎರಡೂ ಚೀಟಿ ತಪ್ಪು ಎಂದು ಕಾರ್ಯದರ್ಶಿ ಮೆಲ್ಲಗೆ ಒಪ್ಪಿಕೊಂಡರು. ಅತ್ತಿಗೆ ಕ್ಯಾನು ಎತ್ತಲಿಲ್ಲ.

“ಬೆಳಗ್ಗೆ ಎಲ್ರಿಗೂ ಕೇಳೋ ಹಂಗಂದ್ರಲ್ಲ. ಈಗ್ಲೂ ಹಂಗೇ ಅನ್ನಿ.”

ಕಾರ್ಯದರ್ಶಿ ಬಾಗಿಲಿಗೆ ಹೋಗಿ, ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ ಅದನ್ನೇ ಹೇಳಿದರು.